ಅಮ್ಮಾಜಮ್ಮನನ್ನು ದಾಟಿಸಿದ ದಿನ

ಜಯರಾಮಪ್ಪ ಹಳ್ಳದ ನೀರಿಗೆ ಊರಿದ್ದ ಬಿದಿರಿನ ಗಳವನ್ನು ಮೇಲಕ್ಕೆತ್ತಿ, ಒದ್ದೆಯಾದಷ್ಟು ಭಾಗವನ್ನು ತಮ್ಮ ಕಾಲಿಗೆ ಹಿಡಿದು ನೋಡಿಕೊಂಡರು. ನಡುತೊಡೆಗೆ ಬಂತು. ಆಚೆ ದಡದಲ್ಲಿ ಗುಣಿ ತೋಡಿ ಮುಗಿಸಿದ ಇಬ್ಬರು ಹಾರೆ ಗುದ್ದಲಿ ಪಕ್ಕಕ್ಕಿಟ್ಟು, ಬೀಡಿ ಹಚ್ಚಿಕೊಂಡು ಈಚೆಗೇ ನೋಡುತ್ತ ಕೂತಿದ್ದರು. ಬೆಳಗ್ಗೆ ಅವರು ದಾಟಿದಾಗ ನೀರು ಮೊಣಕಾಲಿನ ಕೆಳಗಿತ್ತು. ಆಮೇಲೆ ಮೇಲಿನ ಕೆರೆಯೂ ಕೋಡಿ ಬಿದ್ದು, ಸ್ಕಂದಗಿರಿಯ ತಪ್ಪಲಿನ ನೀರೆಲ್ಲ ಈ ಹಳ್ಳಕ್ಕೇ ನುಗ್ಗಿತ್ತು.

"ಒಬ್ಬೊಬ್ರೇ ಆದ್ರೆ ಹೆಂಗೋ ದಾಟ್ಬೋದು ಕಣಪ್ಪ," ಎಂದರು ಅವರು, ಪಕ್ಕದಲ್ಲಿ ನಿಂತಿದ್ದ ಅಣ್ಣನ ಮಗ ಮೋಹನ್‌ಬಾಬುವಿಗೆ. "ಚಟ್ಟ ಹೊತ್ಕೊಂಡು ಆಗಲ್ಲ. ಒಬ್ಬನ ಕಾಲು ಜಾರಿದ್ರೆ ಅತ್ತಿಗೇನ ನೀರಿಗೆ ಬಿಟ್ಟಂಗಾಗುತ್ತೆ."

ಮೋಹನ್‌ಬಾಬು ಆಚೆ ದಡದ ಕಡೆಗೇ ನೋಡಿದ. ಅವನ ತಾಯಿ ಅಮ್ಮಾಜಮ್ಮ ಅವತ್ತು ಬೆಳಗಿನ ಜಾವ ಸೊಸೆ ಕೊಟ್ಟ ಕಾಫಿಯಲ್ಲಿ ಎರಡು ಗುಟುಕು ಕುಡಿದು, ಉಳಿದದ್ದು ಆಮೇಲೆ ಎಂದು ಹೇಳಿ ಮಲಗಿದವಳು ಏಳಲಿಲ್ಲ. ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳಿಂದ ಹಾಸಿಗೆಯಲ್ಲಿದ್ದಳು. ಆ ಮೂರು ತಿಂಗಳಲ್ಲಿ ಅವಳು ಮಗನನ್ನು ಕೇಳಿದ್ದು ಒಂದೇ. ಹಳ್ಳದಾಚೆಯ ಹೊಲದಲ್ಲಿ, ಗಂಡ ನರಸಿಂಹಪ್ಪನ ಸಮಾಧಿಯ ಪಕ್ಕದಲ್ಲಿ ತನ್ನನ್ನು ಮಲಗಿಸಬೇಕು. ಕೇಳಿದಾಗಲೆಲ್ಲ ಅವನು ಆಯ್ತಮ್ಮ ಎಂದಿದ್ದ.

ಊರು ಬಳಸಿ ಆಚೆಗೆ ಹೋಗುವ ಗಾಡಿದಾರಿಯ ಮೋರಿ ರಾತ್ರಿಯ ಮಳೆಗೆ ಕುಸಿದಿತ್ತು. ಟ್ರಾಕ್ಟರೂ ಹೋಗುವಂತಿರಲಿಲ್ಲ. ಈಚೆಗಿನ ಸೇವಂತಿಗೆ ತೋಟದ ಮೂಲೆಯಲ್ಲಿ ಇನ್ನೊಂದು ಗುಣಿ ತೋಡಿಸಿದರಾಯಿತು, ಅದೂ ನಮ್ಮದೇ ಭೂಮಿಯಲ್ಲವೇ ಎಂದು ಜಯರಾಮಪ್ಪ ಹೇಳಿದರು. ಹೇಳುವಾಗ ದನಿ ಗಟ್ಟಿಯಾಗಿರಲಿಲ್ಲ. ಅಣ್ಣ ಹೋದ ಮೇಲೆ ಮನೆಗೆ ಹಿರಿಯರು ಅವರೇ. ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಆಡಲೇಬೇಕಾದ ಮಾತನ್ನು ಅವರು ಆಡಿದ್ದರು, ಅಷ್ಟೆ.

"ಮನೇಲಿ ಒಂದ್ ಮಾತು ಕೇಳ್ಕೊಂಡ್ ಬರ್ತೀನಿ ಚಿಕ್ಕಪ್ಪ," ಎಂದ ಮೋಹನ್‌ಬಾಬು.

ಮನೆಯೆಂದರೆ ಅವನ ಹೆಂಡತಿ ಭಾನುಪ್ರಿಯಾ ಎಂದು ಜಯರಾಮಪ್ಪನವರಿಗೆ ಗೊತ್ತಿತ್ತು. ಅವರು ಗಳವನ್ನು ಮತ್ತೆ ನೀರಿಗೆ ಊರಿದರು.

ಕಳವಾರದ ಆ ಮನೆಯಲ್ಲಿ ಅಮ್ಮಾಜಮ್ಮನಿಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಪಕ್ಕದ ಮನೆಯ ಲಕ್ಷ್ಮೀನರಸಮ್ಮ, ಸತ್ತವಳ ಓರಗೆಯವಳು, ಗೋಡೆಗೊರಗಿ ಕೂತು ಆಗಾಗ ಬತ್ತಿ ಸರಿಮಾಡುತ್ತಿದ್ದಳು. ಮೊಮ್ಮಗಳು ಚೈತನ್ಯ ಅಜ್ಜಿಯ ಕಾಲ ಬಳಿ ಕೂತಿದ್ದಳು. ಬಂದವರೆಲ್ಲ ಅವಳ ತಲೆ ಸವರುತ್ತಿದ್ದುದರಿಂದ ಜಡೆ ಬಿಚ್ಚಿಹೋಗಿತ್ತು.

ಆಗ ಜಗಲಿಯಲ್ಲಿ ಬೂಟು ಬಿಚ್ಚುವ ಸದ್ದಾಯಿತು. ನೀಲಿ ಸಮವಸ್ತ್ರ ತೊಟ್ಟು ಕೊರಳಿಗೆ ಸ್ಕಾರ್ಫ್ ಕಟ್ಟಿದ ಹುಡುಗಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಹಿಂದೆ ನಾಲ್ಕು ಜನ ಹುಡುಗರು. ಶಿಡ್ಲಘಟ್ಟದಿಂದ ಬಂದಿದ್ದ ನೆಂಟರ ಮುದುಕಿ ಗಂಗುಲಮ್ಮ ಗಾಬರಿಯಾಗಿ, ಪೋಲೀಸಿನವರು ಯಾಕೆ ಬಂದರೆಂದು ಕೇಳಿದಳು.

"ಪೋಲೀಸಲ್ಲ ಕಣಕ್ಕ," ಎಂದಳು ಲಕ್ಷ್ಮೀನರಸಮ್ಮ. "ರೇಂಜರ್ ಹುಡ್ಗೀರು. ಅಮ್ಮಾಜಿ ಮುದ್ದೆ ತಿಂದು ಬೆಟ್ಟ ಹತ್ತಿದೋರು."

ಸ್ಕೌಟು, ಗೈಡು ಎಂದರೆ ಶಾಲೆಯ ಮಕ್ಕಳು ಎಂದೇ ಊರಿನವರ ಲೆಕ್ಕ. ಹದಿನೆಂಟು ದಾಟಿ ಕಾಲೇಜು ಸೇರಿದವರಿಗೂ ಅದೇ ಬಳ್ಳಿಯ ಇನ್ನೊಂದು ಕವಲಿದೆ, ಗಂಡುಹುಡುಗರು ರೋವರ್, ಹೆಣ್ಣುಹುಡುಗಿಯರು ರೇಂಜರ್ ಎಂಬುದು ಕಳವಾರಕ್ಕೆ ತಿಳಿದದ್ದು ಈ ಮನೆಯ ಜಗಲಿಯಿಂದ. ಭಾನುಪ್ರಿಯಾ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ರೇಂಜರ್ ತಂಡದ ನಾಯಕಿ. ಬೆಟ್ಟಕ್ಕೆ ಹೊರಟ ತಂಡ ಮೊದಲು ಇಲ್ಲಿ ಬಂದು ಇಳಿಯಬೇಕು. ಅಮ್ಮಾಜಮ್ಮ ಮುದ್ದೆ, ಉಪ್ಪುಸಾರು ಬಡಿಸುವಳು. ಮುದ್ದೆ ಬೇಡವೆಂದವರಿಗೆ ಬೆಟ್ಟವೂ ಬೇಡ ಎಂಬುದು ಅವಳ ಕಾನೂನು. ಆ ಭಾನುವಾರವೂ ಅವರು ಬೆಟ್ಟಕ್ಕೆಂದೇ ಹೊರಟು ಬಸ್ಸು ಹತ್ತಿದ್ದರು. ಅಜ್ಜಿ ಹೋದ ಸುದ್ದಿ ಮುಟ್ಟಿದ್ದು ದಾರಿಯಲ್ಲಿ. ಬಟ್ಟೆ ಬದಲಿಸಲು ಯಾರೂ ಹಿಂದಕ್ಕೆ ಹೋಗಲಿಲ್ಲ.

ಅವರಲ್ಲಿ ಹಿರಿಯಳು ಮುನಿಲಕ್ಷ್ಮಿ. ಗೌರಿಬಿದನೂರು ಕಡೆಯವಳು; ತಾಯಿ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಅಜ್ಜಿ ಹಾಸಿಗೆ ಹಿಡಿದಾಗಿನಿಂದ ಈ ಹುಡುಗಿಯರು ಸರದಿಯ ಮೇಲೆ ಬಂದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸಿ, ಒರೆಸಿ, ಪೌಡರು ಹಾಕಿ ಹೋಗುತ್ತಿದ್ದರು. ಮುನಿಲಕ್ಷ್ಮಿ ಈಗ ಹತ್ತಿರ ಬಂದು ಮೊಣಕಾಲೂರಿ ಕೂತಳು. ರೂಢಿಯಂತೆ ಅವಳ ಕೈ ಅಜ್ಜಿಯ ಬೆನ್ನ ಕೆಳಗೆ ಹೋಗಿ ಅಲ್ಲೇ ನಿಂತಿತು. ಲಕ್ಷ್ಮೀನರಸಮ್ಮ ಆ ಕೈಯನ್ನು ಮೆಲ್ಲಗೆ ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಮೋಹನ್‌ಬಾಬು ಬಂದು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಹಳ್ಳದ ಸಂಗತಿ ಹೇಳಿದ. ಸೇವಂತಿಗೆ ತೋಟದ ಮಾತನ್ನೂ ಹೇಳಿದ. ಭಾನುಪ್ರಿಯಾ ಅವನ ಮುಖ ನೋಡಿದಳು. ನಿಮಗೇನನ್ನಿಸುತ್ತದೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

"ನೀರು ನೋಡ್ಕೊಂಡು ಬರ್ತೀನಿ," ಎಂದು ಎದ್ದಳು.

ಹೆಣ ಮನೆಯಲ್ಲಿಟ್ಟುಕೊಂಡು ಸೊಸೆಯಾದವಳು ಹೊಸಿಲು ದಾಟಬಾರದೆಂದು ಗಂಗುಲಮ್ಮ ಗೊಣಗಿದಳು. ನಾನಿದ್ದೀನಿ ಹೋಗಮ್ಮ ಎಂದು ಲಕ್ಷ್ಮೀನರಸಮ್ಮ ಬತ್ತಿ ಮುಂದಕ್ಕೆ ನೂಕಿದಳು.

*

ಹನ್ನೆರಡು ವರ್ಷದ ಹಿಂದೆ, ಅತ್ತೆ ಸೊಸೆಗೆ ಇಷ್ಟೊಂದು ಬಳಕೆಯಿರಲಿಲ್ಲ. ಚಿಂತಾಮಣಿ ಕಡೆಯ ಹುಡುಗಿ ಭಾನುಪ್ರಿಯಾ ಬಿ.ಎ. ಕೊನೆಯ ವರ್ಷದಲ್ಲಿರುವಾಗ ಮದುವೆಯಾಗಿ ಈ ಮನೆಗೆ ಬಂದವಳು. ಕಾಲೇಜಿನಲ್ಲಿ ರೇಂಜರ್ ಆಗಿ ಒಂದೊಂದೇ ಪರೀಕ್ಷೆ ಪಾಸು ಮಾಡಿದ್ದಳು, ಕೊನೆಯದೊಂದು ಉಳಿದಿತ್ತು. ಅದಕ್ಕೆ ಐದು ದಿನ ಶಿಬಿರದಲ್ಲಿರಬೇಕು. ಇಪ್ಪತ್ತೈದು ತುಂಬಿದ ಮೇಲೆ ರೇಂಜರ್ ಆಗಿರುವಂತಿಲ್ಲ. ಗೌರಿಬಿದನೂರಿನ ಹತ್ತಿರ ಶಿಬಿರ ಇದೆಯೆಂಬ ಸುದ್ದಿ ಬಂದಾಗ ಅವಳಿಗೆ ಇಪ್ಪತ್ತನಾಲ್ಕು ನಡೆಯುತ್ತಿತ್ತು, ಚೈತನ್ಯ ಎಂಟು ತಿಂಗಳ ಕೂಸು.

ಜಗಲಿಯ ಮೇಲೆ ಮಾತಾಯಿತು. ಮೋಹನ್‌ಬಾಬು ಹೋಗಿ ಬರಲಿ ಬಿಡಿ ಎಂದು ಒಂದೇ ಸಲ ಹೇಳಿದ. ಜಯರಾಮಪ್ಪ ಒಪ್ಪಲಿಲ್ಲ.

"ಕಂಕುಳಲ್ಲಿ ಕೂಸು, ಸುತ್ತ ಗಂಡುಹುಡುಗ್ರು, ಮಲಗೋದು ಡೇರೇಲಿ. ನಾಳೆ ನೆಂಟ್ರು ಕೇಳಿದ್ರೆ ಏನಂತ ಹೇಳಣ?"

ಭಾನುಪ್ರಿಯಾ ಎದ್ದು ಒಳಗೆ ಹೋದಳು. ಅಮ್ಮಾಜಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಅಲ್ಲೇ ಕೂತಿದ್ದಳು. ಕಾಯೆಲ್ಲ ಮುಗಿದ ಮೇಲೆ ಮೊರ ಕೊಡವಿ, ತಾನೂ ಹೋಗುವೆನೆಂದಳು. ಎಲ್ಲಿಗೆ ಎಂದು ಮೈದುನ ಕೇಳಿದರು.

"ಅದೇ, ಕ್ಯಾಂಪಿಗೆ. ಡೇರೇಲಿ ಏನ್ ನಡೀತದೆ ನೋಡ್ಕೊಂಡು ಬಂದು ನಿಂಗೆ ಹೇಳ್ತೀನಿ."

ಅತ್ತೆಯೇ ಕಾವಲು ಹೋದರೆ ಯಾರು ಬೇಡವೆನ್ನುತ್ತಾರೆ? ಜಯರಾಮಪ್ಪ ಒಪ್ಪಿದರು. ಆದರೆ ಭಾನುಪ್ರಿಯಾಗೆ ಸಂತೋಷವಾಗಲಿಲ್ಲ. ತನ್ನ ಹಿಂದೆ ಕಣ್ಣು ಕಳಿಸುತ್ತಿದ್ದಾರೆ ಎಂದೇ ಅವಳು ತಿಳಿದಳು. ಬಸ್ಸಿನಲ್ಲಿ ಗೌರಿಬಿದನೂರು ಬರುವ ತನಕ ಇಬ್ಬರೂ ಮಗುವಿನ ಜೊತೆ ಮಾತಾಡಿದರೇ ಹೊರತು ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಅಮ್ಮಾಜಮ್ಮನ ಚೀಲದಲ್ಲಿ ರಾಗಿಹಿಟ್ಟು, ಒಂದು ಚರಿಗೆ, ಮಗುವಿನ ಬಜೆಬೇರು, ಎಲ್ಲದರ ಕೆಳಗೆ ಒಂದು ಕುಡುಗೋಲೂ ಇತ್ತು. ಅದು ಯಾಕೆಂದು ಭಾನುಪ್ರಿಯಾ ಕೇಳಲಿಲ್ಲ.

*

ಹಳ್ಳದ ದಡದಲ್ಲಿ ಭಾನುಪ್ರಿಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಕ್ಕಿಗಿಡದ ಕಡ್ಡಿಯೊಂದನ್ನು ಮುರಿದು ನೀರಿಗೆಸೆದಳು. ಅದು ಎಲ್ಲಿ ವಾಲುತ್ತದೆ, ಎಲ್ಲಿ ಸುತ್ತುತ್ತದೆ ಎಂದು ಕಣ್ಣಿಗೆ ಕಾಣುವಷ್ಟು ದೂರ ನೋಡಿದಳು. ಮುನಿಲಕ್ಷ್ಮಿಯೂ ರೋವರ್ ಹುಡುಗ ಜಗನ್ನನೂ ಪಕ್ಕದಲ್ಲಿದ್ದರು. ಇನ್ನೊಂದು ಕಡ್ಡಿಯನ್ನು ಅವಳು ನೀರಂಚಿನಲ್ಲಿ ನೆಟ್ಟಳು.

"ಮಳೆ ನಿಂತಿದೆ ಚಿಕ್ಕಮಾವ. ನೀರು ಈ ಕಡ್ಡಿ ಬಿಟ್ಟು ಹಿಂದಕ್ಕೆ ಸರಿದು, ಮಂಡಿ ಮಟ್ಟಕ್ಕೆ ಬಂದ್ರೆ ದಾಟಣ. ಇಲ್ದಿದ್ರೆ ನೀವು ಹೇಳ್ದಂಗೆ ಸೇವಂತಿಗೆ ತೋಟದಲ್ಲೇ."

"ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕಮ್ಮ."

"ಅಷ್ಟೊತ್ತು ಕಾಯಲ್ಲ. ಬಿಸಿಲು ಆ ಹುಣಸೆಮರದಿಂದ ಇಳಿಯೋ ತನಕ."

ಆಚೆ ದಡದ ಹುಣಸೆಮರವನ್ನು ಜಯರಾಮಪ್ಪ ನೋಡಿದರು. ನೀರು ಇಳಿಯದಿದ್ದರೆ ಹಟ ಹಿಡಿಯುವುದಿಲ್ಲ ಎಂದು ಅವಳೇ ಹೇಳಿದ ಮೇಲೆ ಅವರಿಗೆ ವಾದಿಸಲು ಏನೂ ಉಳಿಯಲಿಲ್ಲ. ಬೋರ್‌ವೆಲ್ ಮೋಟಾರು ಎತ್ತುವ ದಪ್ಪ ಹಗ್ಗ ಪಂಪ್‌ಮನೆಯಲ್ಲಿದೆ, ತಂದಿಟ್ಟುಕೊಳ್ಳಿ ಎಂದು ಜಗನ್‌ಗೆ ಅವರೇ ಹೇಳಿದರು.

*

ಶಿಬಿರವಿದ್ದದ್ದು ವಿದುರಾಶ್ವತ್ಥಕ್ಕೆ ಹೋಗುವ ದಾರಿಯ ಒಂದು ಶಾಲೆಯ ಬಯಲಿನಲ್ಲಿ. ಹುಡುಗಿಯರ ಡೇರೆಗಳು ಒಂದು ಕಡೆ, ಹುಡುಗರವು ಇನ್ನೊಂದು ಕಡೆ. ನಡುವಿನ ಬೇವಿನ ಮರದ ಕೆಳಗೆ ಅಮ್ಮಾಜಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎರಡೂ ಕಡೆ ಕಾಣುವ ಜಾಗ ಅದೊಂದೇ.

ಅವಳ ಮೊದಲ ತಕರಾರು ಅವರು ಎಡಗೈ ಕುಲುಕುವುದರ ಬಗ್ಗೆ. ಎಡಗೈ ಹೃದಯಕ್ಕೆ ಹತ್ತಿರ, ಅದಕ್ಕೇ ಹಾಗೆ ಎಂದು ಒಬ್ಬ ಹುಡುಗಿ ವಿವರಿಸಿದಳು. ಅಮ್ಮಾಜಮ್ಮ ತನ್ನ ಎಡಗೈ ತಿರುಗಿಸಿ ನೋಡಿಕೊಂಡು, ಹೃದಯಕ್ಕೆ ಹತ್ತಿರವೋ ಏನೋ, ಚೊಂಬಿಗೂ ಅದೇ ಹತ್ತಿರ ಎಂದಳು. ಎರಡನೆಯ ತಕರಾರು ಅಡಿಗೆಯದು. ಅಡಿಗೆಯೂ ಪರೀಕ್ಷೆಯೇ ಆದ್ದರಿಂದ ಅವಳು ಸೌಟು ಮುಟ್ಟುವಂತಿರಲಿಲ್ಲ. ಒಲೆಯ ಹತ್ತಿರ ಕೂತು ಕೆಮ್ಮುತ್ತಿದ್ದಳು. ಒಂದು ಕೆಮ್ಮೆಂದರೆ ಉಪ್ಪು ಸಾಲದು, ಎರಡೆಂದರೆ ಉರಿ ಜಾಸ್ತಿ. ಎರಡನೆಯ ದಿನದ ಹೊತ್ತಿಗೆ ಹುಡುಗರೂ ಒಲೆ ಹಚ್ಚುವ ಮುಂಚೆ ಅಜ್ಜಿ ಎಲ್ಲಿ ಎಂದು ಹುಡುಕತೊಡಗಿದರು.

ಮೂರನೆಯ ದಿನ ಗಾಯಾಳುವನ್ನು ಹೊತ್ತು ಸಾಗಿಸುವ ಪರೀಕ್ಷೆ. ಎರಡು ಬಿದಿರಿಗೆ ಕಂಬಳಿ ಸುತ್ತಿ ಭಾನುಪ್ರಿಯಾಳ ತಂಡ ಡೋಲಿ ಮಾಡಿತ್ತು. ಗಾಯಾಳುವಾಗಬೇಕಿದ್ದ ಹುಡುಗಿ ಹೊಟ್ಟೆನೋವೆಂದು ನಿಜವಾಗಿಯೂ ಮಲಗಿಬಿಟ್ಟಿದ್ದಳು. ಪರೀಕ್ಷಕಿ ಕಾಯುತ್ತಿದ್ದರು. ಏನಾಗುತ್ತಿದೆಯೆಂದು ಬೇವಿನ ಮರದ ಕೆಳಗಿನಿಂದ ನೋಡುತ್ತಿದ್ದ ಅಮ್ಮಾಜಮ್ಮ ಎದ್ದು ಬಂದು, ಮಗುವನ್ನು ಪಾತ್ರೆ ತೊಳೆಯುವ ಹೆಂಗಸಿನ ಕೈಗೆ ಕೊಟ್ಟು, ಸೆರಗು ಬಿಗಿಯಾಗಿ ಹೊದ್ದು ಡೋಲಿಯ ಮೇಲೆ ಮಲಗಿದಳು.

ನಾಲ್ವರು ಎತ್ತಿದರು. ಮೊದಲು ಅವಳು ಎರಡು ಕಡೆಯ ಬಿದಿರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಡಲೆಕಾಯಿ ಹೊಲದ ಬದು ದಾಟುವ ಹೊತ್ತಿಗೆ ಕೈಬಿಟ್ಟು ಎದೆಯ ಮೇಲಿಟ್ಟುಕೊಂಡಳು. ಮುಂದಿನಿಂದ ಭಾನುಪ್ರಿಯಾ ತಿರುಗಿ ನೋಡಿದಾಗ ಅತ್ತೆ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ಬಯಲು ಸುತ್ತಿ ಬಂದು ಇಳಿಸಿದರು. ಪಾಸು ಅಜ್ಜಿ, ಏಳಿ ಎಂದರು. ಅವಳು ಏಳಲಿಲ್ಲ.

"ಇನ್ನೊಂದ್ಸಲ ಎತ್ರಮ್ಮ," ಎಂದಳು.

ಹುಡುಗಿಯರು ನಕ್ಕು, ಮತ್ತೆ ಎತ್ತಿ, ಇನ್ನೊಂದು ಸುತ್ತು ತಂದರು.

ಅವತ್ತು ಸಂಜೆ ಮಗುವಿಗೆ ಹಾಲು ಕುಡಿಸುತ್ತಿದ್ದ ಸೊಸೆಯ ಪಕ್ಕದಲ್ಲಿ ಕೂತು ಅಮ್ಮಾಜಮ್ಮ ಮೊದಲ ಸಲ ಒಂದು ಉದ್ದನೆಯ ಮಾತಾಡಿದಳು. "ಮೋಟುದ್ದ ಇರುವಾಗ ತಲೆ ಮೇಲೆ ಹುಲ್ಲುಹೊರೆ ಇಟ್ರು ಕಣಮ್ಮ. ಅದು ಇಳೀಲೇ ಇಲ್ಲ. ಹುಲ್ಲಾಯ್ತು, ನೀರಾಯ್ತು, ದ್ರಾಕ್ಷಿ ಕ್ರೇಟಾಯ್ತು, ನಿನ್ ಗಂಡ ಆದ. ನನ್ನ ಯಾರೂ ಹೊತ್ತಿರಲಿಲ್ಲ." ಇಷ್ಟು ಹೇಳಿದ್ದೇ ನಾಚಿಕೆಯಾದಂತೆ ಎದ್ದು, ಹಿಂದಿನ ಎಡಗಡೆಯ ಹುಡುಗಿ ಕುಂಟುತ್ತಾಳೆ, ಅವಳ ಕೈಗೆ ಡೋಲಿ ಕೊಡಬೇಡಿ ಎಂದು ಬೈದು ಹೋದಳು.

ಊರಿಗೆ ಬಂದ ದಿನ ಜಯರಾಮಪ್ಪ ಜಗಲಿಗೆ ಬಂದು ಕೂತು, ಡೇರೆಯಲ್ಲಿ ಏನು ಕಂಡೆ ಅತ್ತಿಗೆ ಎಂದು ಕೇಳಿದರು.

"ಸೊಳ್ಳೆ," ಎಂದಳು ಅಮ್ಮಾಜಮ್ಮ. "ಬಹಳ ಸೊಳ್ಳೆ ಕಣಯ್ಯ."

*

ಮಧ್ಯಾಹ್ನ ಭಾನುಪ್ರಿಯಾ ಮನೆಗೆ ಬಂದು ಅತ್ತೆಯ ಪಕ್ಕ ಕೂತಳು. ಹುಡುಗಿಯರು ಹಿತ್ತಿಲಲ್ಲಿ ಕೂತು, ತೋಟದಿಂದ ಕಿತ್ತು ತಂದ ಸೇವಂತಿಗೆಯನ್ನು ದಾರಕ್ಕೆ ಕಟ್ಟುತ್ತಿದ್ದರು. ಬಂದವರು ಅವರವರ ಮಾತಿನಲ್ಲಿದ್ದರು. ಲಕ್ಷ್ಮೀನರಸಮ್ಮ ಇನ್ನೂ ಗೋಡೆಗೊರಗಿಯೇ ಇದ್ದಳು. ದೀಪದ ಬತ್ತಿ ಸರಿಮಾಡಿ, ಅವಳು ದನಿ ತಗ್ಗಿಸಿ ಹೇಳಿದಳು.

"ಒಂದು ಮಾತಿದೆ ಕಣಮ್ಮ. ತಿಮ್ಮಪ್ಪನ ಮೇಲೆ ಆಣೆ ಹಾಕಿಸ್ಕೊಂಡಿದ್ಲು. ಇನ್ ಯಾರಿಗೆ ಅಂತ ಇಟ್ಕೊಳ್ಲಿ."

ಆ ಶಿಬಿರದ ಕೊನೆಯ ದಿನದ ಮಾತು ಅದು. ಭಾನುಪ್ರಿಯಾ ನಸುಕಿನಲ್ಲೇ ಎದ್ದು ನಡಿಗೆಯ ಪರೀಕ್ಷೆಗೆ ಬೆಟ್ಟದ ಕಡೆ ಹೋಗಿದ್ದಳು. ಅದೊಂದು ಮುಗಿದರೆ ಎಲ್ಲ ಮುಗಿಯಿತು. ಅವಳು ಹೋದ ಮೇಲೆ ಮಗುವಿಗೆ ಜ್ವರ ಬಂತು. ಮೈ ಸುಡತೊಡಗಿತು. ಹೇಳಿ ಕಳಿಸಿದ್ದರೆ ಸೊಸೆ ಅರ್ಧ ದಾರಿಯಿಂದ ಓಡಿ ಬರುತ್ತಿದ್ದಳು. ಅಮ್ಮಾಜಮ್ಮ ಹೇಳಿ ಕಳಿಸಲಿಲ್ಲ. ಪಾತ್ರೆ ತೊಳೆಯುವ ಹೆಂಗಸನ್ನು ಜೊತೆ ಮಾಡಿಕೊಂಡು, ಆಟೋ ಹಿಡಿದು, ಗೌರಿಬಿದನೂರಿನಲ್ಲಿ ಆಸ್ಪತ್ರೆ ಎಲ್ಲಿ, ಮಕ್ಕಳ ಡಾಕ್ಟರು ಎಲ್ಲಿ ಎಂದು ಕಂಡವರನ್ನೆಲ್ಲ ಕೇಳುತ್ತ ಹೋದಳು. ಇಂಜೆಕ್ಷನ್ ಹಾಕಿಸಿ, ಜ್ವರ ಇಳಿಯುವ ತನಕ ಅಲ್ಲೇ ಬೆಂಚಿನ ಮೇಲೆ ಕೂತು, ಬೆಟ್ಟದಿಂದ ತಂಡ ಇಳಿಯುವುದರೊಳಗೆ ಬಂದು ಬೇವಿನ ಮರದ ಕೆಳಗೆ ಕೂತಿದ್ದಳು. ನಡುವೆ ಮಗ ಫೋನು ಮಾಡಿದಾಗ, ಮಗು ರಾಗಿ ಗಂಜಿ ಕುಡಿದು ಆಡುತ್ತಿದೆ ಎಂದಿದ್ದಳು.

"ಎಷ್ಟೋ ದಿನ ಅವಳಿಗೆ ನಿದ್ದೆ ಇರ್ಲಿಲ್ಲ ಕಣೇ. ಕೂಸಿಗೆ ಏನಾದ್ರೂ ಆಗಿದ್ರೆ ಭಾನು ನನ್ನ ಮುಖ ನೋಡ್ತಿದ್ಲಾ ಅಂತಿದ್ಲು."

ಭಾನುಪ್ರಿಯಾಗೆ ಮೊದಲು ಬಂದದ್ದು ಸಿಟ್ಟು. ಹನ್ನೆರಡು ವರ್ಷ ತಡವಾಗಿ ಬಂದ ಸಿಟ್ಟಿಗೆ ಹೋಗಿ ಕೂರಲು ಜಾಗವಿರಲಿಲ್ಲ. ಅವಳು ಚೈತನ್ಯಳ ಕಡೆ ನೋಡಿದಳು. ಹುಡುಗಿ ಅಜ್ಜಿಯ ಪಾದಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಅವತ್ತು ತಾನು ಬೆಟ್ಟದಿಂದ ಇಳಿದು ಬಂದು, ಕುಣಿಯುತ್ತ ಮಗುವನ್ನು ಎತ್ತಿಕೊಂಡದ್ದೂ, ಅತ್ತೆ ಮರಕ್ಕೆ ಒರಗಿಕೊಂಡು ಸುಸ್ತಾದವಳಂತೆ ನಕ್ಕದ್ದೂ ಈಗ ಬೇರೆಯೇ ಥರ ಕಣ್ಣಿಗೆ ಬಂತು.

"ಹೇಳಿ ಕಳ್ಸಿದ್ರೆ ಪರೀಕ್ಷೆ ಬಿಟ್ಟು ಓಡಿ ಬಂದ್ಬಿಡ್ತಿದ್ದೆ," ಎಂದಳು.

"ಅದಕ್ಕೇ ಹೇಳ್ಲಿಲ್ಲ."

ಭಾನುಪ್ರಿಯಾ ಅತ್ತೆಯ ಹಣೆಯ ಮೇಲಿನ ಸೆರಗನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದದ್ದನ್ನು ಮತ್ತೆ ತೆಗೆದು ಮತ್ತೆ ಸರಿಮಾಡಿದಳು. ಆಗ ಜಗನ್ ಬಾಗಿಲಲ್ಲಿ ಕಾಣಿಸಿಕೊಂಡು, ನೀರು ಕಡ್ಡಿಯನ್ನು ಬಿಟ್ಟು ಕೆಳಗಿಳಿದಿದೆ ಎಂದ.

ಚಟ್ಟ ಹಳ್ಳದ ದಡಕ್ಕೆ ಬಂದಾಗ ಹಗ್ಗ ಈಚೆಯ ಹೊಂಗೆಮರದಿಂದ ಆಚೆಯ ಹುಣಸೆಮರಕ್ಕೆ ಬಿಗಿದು ನಿಂತಿತ್ತು. ನೀರು ಮಂಡಿಗೆ ಬಂದಿತ್ತು. ಸೆಳೆತ ಮಾತ್ರ ಹಾಗೇ ಇತ್ತು, ಕೆಳಗಿನ ಬಂಡೆ ಪಾಚಿ ಕಟ್ಟಿತ್ತು. ಹೊರುವವರು ಒಂದು ಕೈಯಲ್ಲಿ ಹಗ್ಗ ಹಿಡಿದು ನಡೆಯಬೇಕು. ಅವರ ಕೆಳಗಡೆ, ನೀರು ಹೋಗುವ ದಿಕ್ಕಿನಲ್ಲಿ, ಒಬ್ಬರ ತೋಳು ಒಬ್ಬರು ಹೆಣೆದುಕೊಂಡು ಸಾಲಾಗಿ ನಿಲ್ಲಬೇಕು. ಯಾರಾದರೂ ಜಾರಿದರೆ ಆ ಸಾಲಿನ ಮೇಲೆ ಬೀಳುತ್ತಾರೆ, ನೀರಿನ ಪಾಲಾಗುವುದಿಲ್ಲ. ರೋವರ್ ಹುಡುಗರು ನಾಲ್ವರೇ. ಊರಿನ ಹುಡುಗರನ್ನು ನಿಲ್ಲಿಸೋಣವೆಂದರೆ ಅರ್ಧ ಜನ ಬೆಳಗ್ಗೆಯಿಂದಲೇ ಹಾಕಿಕೊಂಡಿದ್ದರು. ಭಾನುಪ್ರಿಯಾ ತನ್ನ ಹುಡುಗಿಯರ ಕಡೆ ನೋಡಿದಳು. ಅವರು ಆಗಲೇ ಪ್ಯಾಂಟು ಮಡಿಸಿಕೊಳ್ಳುತ್ತಿದ್ದರು.

ಜಯರಾಮಪ್ಪ ಅಡ್ಡ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೆಣ್ಮಕ್ಳು ಗುಣಿ ಹತ್ರಕ್ಕೆ ಬರೋ ಪದ್ಧತಿ ನಮ್ಮಲ್ಲಿಲ್ಲ ಕಣಮ್ಮ. ಹಳ್ಳದ ತನಕ ಅಷ್ಟೆ. ನಿಂಗೂ ಗೊತ್ತು."

"ಗುಣಿ ಹತ್ರಕ್ಕೆ ಬರಲ್ಲ ಚಿಕ್ಕಮಾವ," ಎಂದಳು ಭಾನುಪ್ರಿಯಾ. "ನೀರಲ್ಲಿ ನಿಂತ್ಕೋತೀವಿ."

ಜಯರಾಮಪ್ಪ ಹಳ್ಳದ ಈ ದಡ ನೋಡಿದರು, ಆ ದಡ ನೋಡಿದರು. ಬಿಸಿಲು ಹುಣಸೆಮರದ ನೆತ್ತಿಯಿಂದ ಕೆಳಗಿಳಿಯುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿ, ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಡಲು ಹೋದರು. ವಯಸ್ಸಾದವರು ಬೇಡವೆಂದು ಮೋಹನ್‌ಬಾಬು ಹೇಳಿದರೂ ಬಿಡಲಿಲ್ಲ.

ಹುಡುಗ ಹುಡುಗಿಯರು ನೀರಿಗಿಳಿದು ಸಾಲು ಕಟ್ಟಿದರು. ಸೆಳೆತ ಜೋರಿದ್ದ ನಡುಭಾಗದಲ್ಲಿ ಭಾನುಪ್ರಿಯಾ ನಿಂತಳು, ಅವಳ ಪಕ್ಕ ಮುನಿಲಕ್ಷ್ಮಿ. ತಮಟೆಯವರು ದಡದಲ್ಲೇ ಬಡಿತ ನಿಲ್ಲಿಸಿದರು. ಚಟ್ಟ ಮೆಲ್ಲಗೆ ನೀರಿಗೆ ಬಂತು. ಹೊತ್ತ ನಾಲ್ವರೂ ಒಂದು ಹೆಜ್ಜೆ ಇಡುವುದು, ಕಾಲು ಊರಿತೆಂದು ಖಾತ್ರಿಯಾದ ಮೇಲೆ ಇನ್ನೊಂದು. ಯಾರೂ ಹೇಳಿಕೊಡದಿದ್ದರೂ ಹುಡುಗಿಯರು ಹೆಜ್ಜೆ ಹೆಜ್ಜೆಗೂ ಸಣ್ಣ ದನಿಯಲ್ಲಿ ಬಲ, ಎಡ ಎನ್ನುತ್ತಿದ್ದರು. ಮನೆಯ ಜಗಲಿಯಿಂದ ಕೊಟ್ಟಿಗೆಯ ತನಕ, ಕೊಟ್ಟಿಗೆಯಿಂದ ಜಗಲಿಯ ತನಕ ಇದೇ ಅಜ್ಜಿಯನ್ನು ಗಾಯಾಳು ಮಾಡಿ ಡೋಲಿಯಲ್ಲಿ ಹೊತ್ತು ಕಲಿತವರು ಅವರಲ್ಲಿ ಎಷ್ಟೋ ಜನ.

ನಡುನೀರಿನಲ್ಲಿ ಜಯರಾಮಪ್ಪನವರ ಕಾಲು ಜಾರಿತು. ಚಟ್ಟದ ಆ ಮೂಲೆ ಇಳಿಯಿತು, ಹೂವು ಕಳಚಿ ನೀರಿಗೆ ಬಿದ್ದು ತೇಲಿಹೋಯಿತು. ಅವರ ಬೆನ್ನು ಮುನಿಲಕ್ಷ್ಮಿಯ ಹೆಗಲಿಗೆ ಬಡಿದು ನಿಂತಿತು. ಅವಳು ಕಾಲು ಅಗಲಿಸಿ, ಹಲ್ಲು ಕಚ್ಚಿ ಆನಿಕೊಂಡಳು. ಪಕ್ಕದಿಂದ ಭಾನುಪ್ರಿಯಾ ಅವಳ ತೋಳನ್ನು ಬಿಗಿಹಿಡಿದಳು.

"ನಿಧಾನ ತಾತ," ಎಂದಳು ಮುನಿಲಕ್ಷ್ಮಿ. "ನಾನಿದ್ದೀನಿ, ಒರಗ್ಕೊಳಿ. ಕಾಲು ಸಿಕ್ಕಿದ ಮೇಲೆ ಏಳಿ."

ಅವರು ಆ ಹುಡುಗಿಯ ಮೇಲೆ ಭಾರ ಬಿಟ್ಟು, ಕಾಲಿಗೆ ಬಂಡೆ ಹುಡುಕಿಕೊಂಡು ಮತ್ತೆ ನೆಟ್ಟಗಾದರು. ಚಟ್ಟ ಸಮಕ್ಕೆ ಬಂತು. ಆಚೆ ದಡದಲ್ಲಿ ಕಾಯುತ್ತಿದ್ದ ಇಬ್ಬರು ನೀರಿಗಿಳಿದು ಬಂದು ಕೈ ಹಚ್ಚಿದರು. ಅಮ್ಮಾಜಮ್ಮ ಹಳ್ಳ ದಾಟಿದಳು.

ಹೋದವರು ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕಿತ್ತಾದ್ದರಿಂದ ಸಾಲು ಬಿಡುವಂತಿರಲಿಲ್ಲ. ನೀರು ತಣ್ಣಗಿತ್ತು. ಚಳಿಯಾದವರು ದಡಕ್ಕೆ ಹೋಗಿ ಎಂದು ಭಾನುಪ್ರಿಯಾ ಹೇಳಿದಳು. ಯಾರೂ ಕದಲಲಿಲ್ಲ. ಆಚೆ ದಡದ ದಿಬ್ಬದ ಮರೆಯಲ್ಲಿ ಗುಣಿ ಕಾಣಿಸುತ್ತಿರಲಿಲ್ಲ. ಮೋಹನ್‌ಬಾಬು ಒಂದು ಸಲ ಅಮ್ಮಾ ಎಂದದ್ದು ಕೇಳಿಸಿತು. ಆಮೇಲೆ ಹಿಡಿಮಣ್ಣು ಬೀಳುವ ಸದ್ದು, ಬಿಟ್ಟು ಬಿಟ್ಟು. ಹುಡುಗಿಯರಲ್ಲಿ ಒಬ್ಬಳು ಅಳತೊಡಗಿದಳು. ತೋಳುಗಳು ಹೆಣೆದುಕೊಂಡಿದ್ದವು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಭಾನುಪ್ರಿಯಾಗೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ದಿಬ್ಬದ ಇಳಿಜಾರಿನಲ್ಲಿ ಜಯರಾಮಪ್ಪ ಒಬ್ಬರೇ ಬರುವುದು ಕಾಣಿಸಿತು. ಅವರಿಗೆ ಏನೋ ಆಗಿದೆ, ಮೈ ಸರಿಯಿಲ್ಲವೇನೋ ಎಂದು ಭಾನುಪ್ರಿಯಾ ಹೆಜ್ಜೆ ಮುಂದಿಟ್ಟಳು. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಜೋಳಿಗೆಯಂತೆ ಹಿಡಿದಿದ್ದರು, ಆದ್ದರಿಂದ ಹಗ್ಗ ಹಿಡಿಯಲು ಕೈಯಿರಲಿಲ್ಲ. ಜಗನ್ ಸಾಲಿನಿಂದ ಬಿಡಿಸಿಕೊಂಡು ಹೋಗಿ ಅವರ ಸೊಂಟ ಹಿಡಿದು ನೀರಿಗೆ ಇಳಿಸಿಕೊಂಡ.

ಅವರು ಸೀದಾ ಮುನಿಲಕ್ಷ್ಮಿಯ ಮುಂದೆ ಬಂದು ನಿಂತು ಟವೆಲ್ಲು ಮುಂದೆ ಮಾಡಿದರು. ಅದರಲ್ಲಿ ಗುಣಿಯಿಂದ ತೆಗೆದ ಕೆಮ್ಮಣ್ಣಿತ್ತು.

"ಮೂರು ಹಿಡಿ," ಎಂದರು. "ಇದರಲ್ಲೇ ಎತ್ತಿ ಇದರಲ್ಲೇ ಹಾಕಮ್ಮ. ನಾನು ತಗೊಂಡೋಗಿ ಹಾಕ್ತೀನಿ."

ಮುನಿಲಕ್ಷ್ಮಿ ಭಾನುಪ್ರಿಯಾಳ ಕಡೆ ನೋಡಿದಳು. ಭಾನುಪ್ರಿಯಾ ತೋಳು ಸಡಿಲಿಸಿದಳು. ಒಬ್ಬರಾದ ಮೇಲೆ ಒಬ್ಬರು ಮೂರು ಸಲ ಮಣ್ಣು ಎತ್ತಿ, ಮೂರು ಸಲ ಅದಕ್ಕೇ ಬಿಟ್ಟರು. ಜಯರಾಮಪ್ಪ ಪ್ರತಿಯೊಬ್ಬರ ಮುಂದೆಯೂ ಕಾದು ನಿಂತು ಸಾಲಿನುದ್ದಕ್ಕೆ ಬಂದರು. ಈಚೆ ದಡದಲ್ಲಿ ಲಕ್ಷ್ಮೀನರಸಮ್ಮ ಚೈತನ್ಯಳ ಕೈ ಹಿಡಿದು ನೀರಂಚಿಗೆ ಬಂದಿದ್ದಳು. ಅಲ್ಲಿಗೂ ಹೋಗಿ ಇಬ್ಬರ ಮುಂದೆಯೂ ಟವೆಲ್ಲು ಚಾಚಿ, ಕೊನೆಗೆ ಭಾನುಪ್ರಿಯಾಳ ಹತ್ತಿರ ಬಂದರು. ಅವಳ ಕೈ ಒದ್ದೆಯಾಗಿತ್ತು. ಎತ್ತಿದ ಮಣ್ಣು ಅಂಗೈಗೆ ಅಂಟಿಕೊಂಡಿತು. ಅವಳು ಬೆರಳಿನಿಂದ ಬೆರಳಿಗೆ ಕೆರೆದು ಕೆರೆದು ಬಿಡಿಸುವ ತನಕ ಅವರು ಅವಸರ ಮಾಡಲಿಲ್ಲ.

ಆಮೇಲೆ ಟವೆಲ್ಲಿನ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿ, ನೀರು ತಾಗದ ಹಾಗೆ ಅದನ್ನು ತಲೆಯ ಮೇಲಿಟ್ಟುಕೊಂಡರು. ಒಂದು ಕೈ ಗಂಟಿನ ಮೇಲೆ, ಒಂದು ಕೈ ಹಗ್ಗದ ಮೇಲೆ. ದಿಬ್ಬದ ಮೇಲೆ ಮೋಹನ್‌ಬಾಬು ಗುದ್ದಲಿ ನೆಲಕ್ಕೂರಿ ಕಾಯುತ್ತ ನಿಂತಿದ್ದ. ಜಯರಾಮಪ್ಪ ಹೆಜ್ಜೆ ಹುಡುಕಿಕೊಂಡು ಆಚೆಗೆ ನಡೆದರು. ಅಷ್ಟೂ ಜನರ ಕೈಯ ನೀರಿಗೆ ನೆಂದ ಮಣ್ಣು ಟವೆಲ್ಲಿನಿಂದ ಕೆಂಪಗೆ ಸೋರಿ, ಅವರ ಬಿಳಿಯ ತಲೆಗೂದಲ ಮೇಲೆ, ಕತ್ತಿನ ಮೇಲೆ ಇಳಿಯುತ್ತಿತ್ತು.